ಕರಾರಿನ ಇನ್ನೊಂದು ಬದಿ

ಮಗಳೇ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ಕಂಪನಿಯವರು ವೆಂಡರ್ ಕರಾರುಗಳಿಗೆಂದೇ ಹೊಸ ಸಾಫ್ಟ್‌ವೇರ್ ತಂದಿದ್ದಾರೆ, ಪರ್ಚೇಸಿಗೆ ಬಂದು ಮೂರು ತಿಂಗಳಾದ ನಿನಗೇ ಅದರ ಹೊಣೆ ಬಿದ್ದಿದೆ, ಬೀರುವಿನಲ್ಲಿ ಇನ್ನೂರಕ್ಕೂ ಮಿಕ್ಕಿ ಫೈಲುಗಳಿವೆ. "ದೊಡ್ಡಪ್ಪ, ಯಾವುದರಿಂದ ಶುರು ಮಾಡಲಿ?" ಎಂದೆ. "ದೊಡ್ಡ ಮೊತ್ತದ್ದರಿಂದ ಮಾಡಮ್ಮ" ಎಂದು ಹೇಳಿ ಇಟ್ಟುಬಿಟ್ಟೆ. ಮಲಗಿದ ಮೇಲೆ ಅದು ತಪ್ಪು ಉತ್ತರ ಎನಿಸಿತು. ಯಾಕೆ ತಪ್ಪು ಎಂದು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ನಾನು ಪರ್ಚೇಸಿಗೆ ಸೇರಿದ್ದು 1991ರಲ್ಲಿ. ಅದಕ್ಕೂ ಮೊದಲು ಏಳು ವರ್ಷ ಪೀಣ್ಯ 2ನೇ ಹಂತದ ಒಂದು ಸಣ್ಣ ಗ್ರೈಂಡಿಂಗ್ ಶಾಪಿನಲ್ಲಿದ್ದೆ. ಮಿಷಿನ್ನೂ ಓಡಿಸುತ್ತಿದ್ದೆ, ಶನಿವಾರ ದೊಡ್ಡ ಕಾರ್ಖಾನೆಗಳ ಗೇಟಿಗೆ ಹೋಗಿ ಚೆಕ್ ಆಯಿತಾ ಎಂದು ಕೇಳುವ ಕೆಲಸವೂ ನನ್ನದೇ. ಅಕೌಂಟ್ಸ್ ಕಿಟಕಿಯ ಹೊರಗೂ ನಿಂತಿದ್ದೇನೆ, ಆಮೇಲೆ ಒಳಗೂ ಕೂತಿದ್ದೇನೆ. ನಿನಗೆ ಹೇಳುವುದೆಲ್ಲ ಆ ಎರಡು ಜಾಗಗಳಿಂದ ಕಂಡದ್ದು.

ಒಳಗೆ ಕೂತ ಹೊಸದರಲ್ಲಿ ನನ್ನ ಮೇಲಿದ್ದ ಹಿರಿಯರಿಗೆ ಎಲ್ಲ ಕರಾರೂ ಬಾಯಿಪಾಠ. ಯಾರ ರೇಟು ಎಂದಿನವರೆಗೆ, ಯಾರಿಗೆ ಅಡ್ವಾನ್ಸ್ ಹೋಗಿದೆ, ನಮ್ಮ ಫಿಕ್ಸ್ಚರ್ ಯಾವ ಶೆಡ್ಡಿನಲ್ಲಿದೆ, ಕೇಳಿದ ಕೂಡಲೇ ಹೇಳುತ್ತಿದ್ದರು. ಬೀರುವಿನ ಕೀ ಅವರ ಸೊಂಟದಲ್ಲಿ, ಲೆಕ್ಕ ಅವರ ತಲೆಯಲ್ಲಿ. ಒಂದು ದಿನ ಅವರಿಗೆ ಲಕ್ವ ಹೊಡೆಯಿತು. ಕೀ ನಮ್ಮ ಕೈಗೆ ಬಂತು, ಬೀರು ತೆರೆದೆವು, ಕಾಗದಗಳೆಲ್ಲ ಇದ್ದವು. ಆದರೆ ಯಾವ ಕಾಗದಕ್ಕೆ ಯಾವ ಕಾಗದ ತಿದ್ದುಪಡಿ, ಯಾವುದು ಚಾಲ್ತಿಯಲ್ಲಿದೆ, ಯಾವುದು ಸತ್ತಿದೆ ಎಂಬುದು ಒಂದರಲ್ಲೂ ಬರೆದಿರಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಅವರ ಪಕ್ಕ ಕೂತು, ಮಾತು ತೊದಲುತ್ತಿದ್ದ ಆ ಮನುಷ್ಯನ ಬಾಯಿಂದ ಜಾಬ್‌ವರ್ಕ್ ರೇಟುಗಳನ್ನು ಬಿಡಿಸಿ ಬರೆದುಕೊಂಡಿದ್ದೇನೆ. ಅವರ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಂಥ ಕೆಲಸ ನಿನಗೂ ಬರಬಾರದು, ನಿನ್ನ ಬಗ್ಗೆ ಇನ್ನೊಬ್ಬರಿಗೂ ಬರಬಾರದು. ಸಾಫ್ಟ್‌ವೇರ್ ಬೇಕೆಂದು ನಾನು ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ.

ಯಾವ ಸಾಫ್ಟ್‌ವೇರ್ ಎಂಬ ಚರ್ಚೆಯಲ್ಲಿ ಹೆಚ್ಚು ಹೊತ್ತು ಕಳೆಯಬೇಡ. ಎಸ್‌ಎಪಿ ಅರಿಬಾ, ಐಸರ್ಟಿಸ್ ದೊಡ್ಡ ಕಂಪನಿಗಳಿಗೆ ಆಗಿಬರುತ್ತವೆ. ಜೋಹೊದಲ್ಲಿ ಕರಾರಿಗೆಂದೇ ಒಂದು ಇದೆ, ಇಆರ್‌ಪಿನೆಕ್ಸ್ಟ್ ಮುಕ್ತವಾಗಿ ಸಿಗುತ್ತದೆ, ನಮ್ಮಂಥವರಲ್ಲಿ ಬಹಳ ಜನ ಟ್ಯಾಲಿಯ ಪಕ್ಕದಲ್ಲಿ ಒಂದು ಎಕ್ಸೆಲ್ ಇಟ್ಟುಕೊಂಡು ಅಚ್ಚುಕಟ್ಟಾಗಿ ನಡೆಸಿದ್ದಾರೆ. 150 ಜನರ ಕಾರ್ಖಾನೆಗೆ ಯಾವುದಾದರೂ ಸಾಕು. ಒಳಗೆ ಏನು ಬರೆಯುತ್ತೀಯ ಎಂಬುದೇ ಮಾತು.

ಮೊದಲು ತಾರೀಖು. ಹೊಸಬರೆಲ್ಲ ಕರಾರು ಮುಗಿಯುವ ದಿನವನ್ನು ತುಂಬಿ ಮುಂದಕ್ಕೆ ಹೋಗುತ್ತಾರೆ. ಮುಗಿಯುವ ದಿನಕ್ಕಿಂತ ಮುಖ್ಯವಾದ ದಿನ ಇನ್ನೊಂದಿದೆ. ನಮ್ಮಲ್ಲಿ ಜನರೇಟರಿಗೆ ವಾರ್ಷಿಕ ನಿರ್ವಹಣೆಯ ಎಎಂಸಿ ಇತ್ತು, ಮಾರ್ಚ್ 31ಕ್ಕೆ ಮುಗಿಯಬೇಕು. ಅವರ ಸರ್ವಿಸ್ ಕೆಟ್ಟಿತ್ತು, ಬಿಡಿಸೋಣ ಎಂದು ಫೆಬ್ರವರಿಯಲ್ಲಿ ಪತ್ರ ಬರೆದೆ. ಅವರು ಕರಾರಿನ ಕೊನೆಯ ಪುಟದ ಒಂದು ಸಾಲು ತೋರಿಸಿದರು: ಅವಧಿ ಮುಗಿಯುವ 90 ದಿನ ಮೊದಲು ಲಿಖಿತ ನೋಟಿಸು ಕೊಡದಿದ್ದರೆ ಕರಾರು ತಾನಾಗಿ ಇನ್ನೊಂದು ವರ್ಷ ಮುಂದುವರಿಯುತ್ತದೆ. ಮಾರ್ಚ್ 31ರಿಂದ 90 ದಿನ ಹಿಂದಕ್ಕೆ ಎಣಿಸಿದರೆ ಡಿಸೆಂಬರ್ 31. 'ಬೇಡ' ಎನ್ನುವ ಹಕ್ಕು ನಮ್ಮ ಕೈಯಿಂದ ಹೋಗಿ ಆಗಲೇ ತಿಂಗಳ ಮೇಲಾಗಿತ್ತು. ಕೆಟ್ಟ ಸರ್ವಿಸಿಗೆ ಇನ್ನೊಂದು ವರ್ಷ ದುಡ್ಡು ಕಟ್ಟಿದೆವು.

ಹಾಗಾಗಿ ಪ್ರತಿ ಕರಾರಿಗೂ 'ಬೇಡ ಎನ್ನಲು ಕೊನೆಯ ದಿನ' ಎಂದು ಒಂದು ಕಾಲಂ ಮಾಡಿಸು. ಸಾಫ್ಟ್‌ವೇರ್ ಕಂಪನಿಯವರು ಅದಕ್ಕೆ ಏನು ಹೆಸರಿಟ್ಟಿದ್ದರೂ ಸರಿ, ನಿನ್ನ ಮನಸ್ಸಿನಲ್ಲಿ ಅದರ ಹೆಸರು ಇದೇ ಇರಲಿ. ರಿಮೈಂಡರನ್ನು ಆ ದಿನಕ್ಕೇ ಇಟ್ಟರೆ ಏನೂ ಉಪಯೋಗವಿಲ್ಲ. ಮೂರು ಕಡೆ ಕೊಟೇಶನ್ ತರಿಸಿ, ಹೋಲಿಸಿ, ಮೇಲಿನವರ ಸಹಿ ಹಾಕಿಸಲು ಎರಡು ತಿಂಗಳು ಬೇಕು. ಡಿಸೆಂಬರ್ 31ರ ನೋಟಿಸಿಗೆ ಮೊದಲ ರಿಮೈಂಡರ್ ನವೆಂಬರ್ 1ಕ್ಕೆ ಬರಬೇಕು. ಅದು ಇಡೀ ವಿಭಾಗಕ್ಕೆ ಸೇರಿದ ಮೇಲ್ ಐಡಿಗೆ ಹೋಗುವುದು ಬೇಡ. ಒಬ್ಬರ ಹೆಸರಿಗೆ ಹೋಗಲಿ, ಅವರು ರಜೆಯಲ್ಲಿದ್ದರೆ ಯಾರಿಗೆ ಎಂಬ ಎರಡನೆಯ ಹೆಸರೂ ಇರಲಿ. ಎಲ್ಲರಿಗೂ ಬಂದ ಮೇಲನ್ನು ಯಾರೂ ಓದುವುದಿಲ್ಲ ಕಣಮ್ಮ.

ಎರಡನೆಯದು ಓದುವುದು. ಸ್ಕ್ಯಾನ್ ಮಾಡಿ ಪಿಡಿಎಫ್ ಏರಿಸಿಬಿಟ್ಟರೆ ಬೀರು ಕಂಪ್ಯೂಟರಿನೊಳಕ್ಕೆ ಹೋಯಿತು, ಅಷ್ಟೆ. ಈಗಿನ ಸಾಫ್ಟ್‌ವೇರುಗಳು ಕೃತಕ ಬುದ್ಧಿಮತ್ತೆಯಿಂದ ತಾವೇ ಕರಾರು ಓದಿ ತಾರೀಖು, ರೇಟು, ಷರತ್ತು ಎಲ್ಲ ಹೆಕ್ಕಿ ಕೊಡುತ್ತವೆ ಎಂದೆಯಲ್ಲ. ಒಳ್ಳೆಯದೇ, ಮೊದಲ ಕರಡಿಗೆ ಬಳಸು. ಆದರೆ ನಿನ್ನ ಬೀರುವಿನ ಕಾಗದಗಳು ನನಗೆ ಗೊತ್ತು. ಛಾಪಾ ಕಾಗದದ ಅಂಚಿನಲ್ಲಿ ಪೆನ್ನಿನಿಂದ ತಿದ್ದಿ ಇಬ್ಬರೂ ಸಹಿ ಹಾಕಿದ ರೇಟು ಇರುತ್ತದೆ. ಮುಖ್ಯ ಕರಾರಿನಲ್ಲಿ 60 ದಿನ ಎಂದಿದ್ದರೆ ಹಿಂದಿನ ಅನುಬಂಧದಲ್ಲಿ 30 ಎಂದಿರುತ್ತದೆ, ಅನುಬಂಧವೇ ಅಂತಿಮ ಎಂದು ಮೂರನೇ ಕಡೆ ಇರುತ್ತದೆ. ಕ್ಯಾಂಟೀನಿನ ಕರಾರು ಕನ್ನಡದಲ್ಲಿ, ಕೈಬರಹದಲ್ಲಿರುತ್ತದೆ. ಯಂತ್ರ ಹೆಕ್ಕಿದ್ದನ್ನು ಮೂಲ ಕಾಗದ ಎದುರಿಗಿಟ್ಟುಕೊಂಡು ಸಾಲುಸಾಲಾಗಿ ನೀನೇ ನೋಡು. ದಿನಕ್ಕೆ ನಾಲ್ಕು ಕರಾರು ಓದಿದರೆ ಎರಡು ಎರಡೂವರೆ ತಿಂಗಳಲ್ಲಿ ಬೀರು ಮುಗಿಯುತ್ತದೆ. ಅವಸರ ಮಾಡುವವರಿಗೆ ಈ ಲೆಕ್ಕ ಹೇಳು.

ಇನ್ನು ನಾನು ನಿಜವಾಗಿ ಹೇಳಬೇಕೆಂದಿದ್ದ ವಿಷಯ.

ಈ ಸಾಫ್ಟ್‌ವೇರುಗಳನ್ನು ಕೊಳ್ಳುವವರು ನಾವು. ಹಾಗಾಗಿ ಅದರಲ್ಲಿ ತುಂಬುವುದೆಲ್ಲ ವೆಂಡರ್ ನಮಗೆ ಏನು ಮಾಡಬೇಕು ಎಂಬುದನ್ನೇ: ಯಾವತ್ತು ಮಾಲು ಕೊಡಬೇಕು, ತಡವಾದರೆ ಎಷ್ಟು ಕಡಿತ, ರಿಜೆಕ್ಷನ್ ಎಷ್ಟು ಶೇಕಡಾ ದಾಟಬಾರದು. ನಾವು ಅವರಿಗೆ ಏನು ಮಾಡಬೇಕು ಎಂಬುದು ಅದೇ ಕರಾರಿನಲ್ಲಿ, ಅದೇ ಶಾಯಿಯಲ್ಲಿ ಬರೆದಿರುತ್ತದೆ. ಅದನ್ನು ತುಂಬುವ ಕೈ ಕಡಿಮೆ. ನಾನೂ ತುಂಬಲಿಲ್ಲ, ಮಗಳೇ.

ನಮಗೆ ಶಾಫ್ಟ್ ತಿರುವಿ ಕೊಡುತ್ತಿದ್ದ ಒಬ್ಬರಿದ್ದರು. ಎರಡು ಲೇತು, ಒಂದು ಮಿಲ್ಲಿಂಗ್, ನಾಲ್ಕು ಹುಡುಗರು. ಇಎನ್8 ಉಕ್ಕಿನ ರಾಡು ಅವರೇ ಕೊಂಡು, ಕೆಲಸ ಮಾಡಿ, ಪೀಸಿಗೆ ಇಷ್ಟು ಎಂದು ಕೊಡುವ ರೇಟ್ ಕಾಂಟ್ರ್ಯಾಕ್ಟ್. ಅದರಲ್ಲಿ ಬೆಲೆ ವ್ಯತ್ಯಾಸದ ಷರತ್ತಿತ್ತು. ಉಕ್ಕಿನ ದರ ಮೂಲಬೆಲೆಗಿಂತ ಶೇಕಡಾ 5ಕ್ಕೂ ಮೀರಿ ಏರಿದರೆ ಅಥವಾ ಇಳಿದರೆ, ಮುಂದಿನ ತಿಂಗಳಿಂದ ಪೀಸಿನ ರೇಟು ಅದಕ್ಕೆ ತಕ್ಕಂತೆ ಬದಲಾಗಬೇಕು. ಕರಾರು ಇಂಗ್ಲಿಷಿನಲ್ಲಿತ್ತು, ನಮ್ಮ ವಕೀಲರು ಬರೆದದ್ದು. ಶಾಫ್ಟಿನವರು ಕೊನೆಯ ಪುಟದಲ್ಲಿ ಸಹಿ ಹಾಕಿದ್ದರು. ಉಕ್ಕು ಏರಿತು. ದೊಡ್ಡ ವೆಂಡರುಗಳಿಂದ ವಾರದೊಳಗೆ ರೇಟು ಏರಿಸಿ ಎಂದು ಪತ್ರ ಬಂತು. ಇವರಿಂದ ಬರಲಿಲ್ಲ. ಆ ಷರತ್ತು ತಮ್ಮ ಪರವಾಗಿಯೂ ಇದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕೇಳದವರಿಗೆ ಯಾಕೆ ಕೊಡಬೇಕು ಎಂದು ಸುಮ್ಮನಿದ್ದೆ. ತಿಂಗಳ ಮೀಟಿಂಗಿನಲ್ಲಿ ಆ ಐಟಂನಲ್ಲಿ ಉಳಿತಾಯ ಎಂದು ತೋರಿಸಿದೆ, ಮೇಲಿನವರು ಶಹಬ್ಬಾಸ್ ಎಂದರು. ಹನ್ನೊಂದು ತಿಂಗಳು ನಷ್ಟದಲ್ಲೇ ಮಾಲು ಕೊಟ್ಟು ಅವರು ಲೇತು ಮಾರಿದರು. ಶೆಡ್ಡು ಖಾಲಿ ಮಾಡುವ ದಿನ ನಮ್ಮ ಗೇಜುಗಳನ್ನು ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. ಒಂದೂ ಕಡಿಮೆ ಇರಲಿಲ್ಲ. ಆ ಗಂಟನ್ನು ಸ್ಟೋರ್ಸಿನಲ್ಲಿ ಬಿಚ್ಚಿದ್ದು ನಾನೇ. ಕರಾರು ಮುರಿದವನು ನಾನು, ನಡೆಸಿಕೊಟ್ಟವರು ಅವರು ಎಂಬುದು ಆವತ್ತು ತಿಳಿಯಿತು. ಕಂಪನಿಗೂ ಲಾಭವಾಗಲಿಲ್ಲ. ಅಷ್ಟು ನಂಬಿಕೆಯ ಶಾಫ್ಟ್ ಮಾಡುವವರನ್ನು ಮತ್ತೆ ಹುಡುಕಲು ವರ್ಷ ಹಿಡಿಯಿತು.

ನಿನ್ನ ಸಾಫ್ಟ್‌ವೇರಿನಲ್ಲಿ ಬೆಲೆ ವ್ಯತ್ಯಾಸದ ಷರತ್ತು ಇರುವ ಪ್ರತಿ ಕರಾರಿಗೂ ಮೂಲಬೆಲೆ, ಆ ದಿನದ ತಾರೀಖು, ಯಾವ ದರಪಟ್ಟಿಗೆ ಹೋಲಿಸಬೇಕು ಎಂಬುದನ್ನು ಬರೆ. ತಿಂಗಳಿಗೊಮ್ಮೆ ನೋಡುವಂತೆ ರಿಮೈಂಡರ್ ಇಡು. ಇಳಿದಾಗ ಕೇಳು, ಅದು ನಿನ್ನ ಕೆಲಸ. ಏರಿದಾಗ ಅವರು ಕೇಳದಿದ್ದರೂ ನೀನೇ ಪತ್ರ ಕಳಿಸು.

ತಡಕ್ಕೆ ಹಾಕುವ ಕಡಿತದಲ್ಲೂ ಇದೇ ಕಥೆ. ವಾರಕ್ಕೆ ಅರ್ಧ ಶೇಕಡಾ ಎಂದು ಒಮ್ಮೆ ತುಂಬಿಬಿಟ್ಟರೆ ಸಾಫ್ಟ್‌ವೇರ್ ತಾನಾಗಿ ಬಿಲ್ಲಿನಿಂದ ಕಳೆಯುತ್ತದೆ. ಡ್ರಾಯಿಂಗ್ ಬದಲಾಯಿಸಿ ಹತ್ತು ದಿನ ತಡವಾಗಿ ಕೊಟ್ಟದ್ದು ನಾವು ಎಂಬುದು ಅದಕ್ಕೆ ತಿಳಿಯುವುದಿಲ್ಲ, ನಾವು ತಿಳಿಸಿದ ಹೊರತು. ಡ್ರಾಯಿಂಗ್ ಕೊಟ್ಟ ದಿನ, ಕಚ್ಚಾ ಮಾಲು ಡೆಲಿವರಿ ಚಲನ್ ಮೇಲೆ ಕಳಿಸಿದ ದಿನ, ಮೊದಲ ಪೀಸಿಗೆ ನಮ್ಮ ಕ್ವಾಲಿಟಿಯವರು ಒಪ್ಪಿಗೆ ಕೊಟ್ಟ ದಿನ, ಇವನ್ನೂ ದಾಖಲಿಸು. ಎಣಿಕೆ ಅಲ್ಲಿಂದ ಶುರುವಾಗಲಿ. ಕಾನೂನೂ ಸುಮ್ಮನೆ ಕಡಿತ ಮಾಡಲು ಬಿಡುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕರಾರಿನಲ್ಲಿ ಬರೆದ ದಂಡದ ಮೊತ್ತ ಮೇಲ್ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರವಷ್ಟೇ ಸಲ್ಲುತ್ತದೆ.

ಈಗ ದುಡ್ಡಿನ ಮಾತು. ಇದನ್ನು ನಿಧಾನವಾಗಿ ಓದು, ನಿನ್ನ ಅಕೌಂಟ್ಸ್‌ನವರಿಗೂ ಓದಿಸು. ಪಾವತಿಯ ಕಾಲಂನಲ್ಲಿ 90 ದಿನ ಎಂದು ತುಂಬಿದರೆ ಸಾಫ್ಟ್‌ವೇರ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಕಾನೂನು ಒಪ್ಪುವುದಿಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಕರಾರು ಇದ್ದರೂ 45 ದಿನ ಮೀರಿ ಹಣ ಹಿಡಿದಿಡುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಎಣಿಕೆ ಶುರುವಾಗುವುದು ಮಾಲನ್ನು ಒಪ್ಪಿಕೊಂಡ ದಿನದಿಂದ. ತಕರಾರಿದ್ದರೆ ಮಾಲು ಬಂದ 15 ದಿನದೊಳಗೆ ಬರೆದು ತಿಳಿಸಬೇಕು, ತಿಳಿಸದಿದ್ದರೆ ಮಾಲು ಬಂದ ದಿನವೇ ಒಪ್ಪಿದ ದಿನ. ಬಿಲ್ಲು ಅಕೌಂಟ್ಸಿಗೆ ಯಾವತ್ತು ತಲುಪಿತು ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ. ಆದ್ದರಿಂದ ಮಾಲು ಬಂದದ್ದಕ್ಕೆ ಸ್ಟೋರ್ಸಿನವರು ಬರೆಯುವ ಜಿಆರ್‌ಎನ್ ತಾರೀಖಿಗೂ ಕರಾರಿನ ಪಾವತಿ ಷರತ್ತಿಗೂ ಕೊಂಡಿ ಹಾಕಿಸು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಆ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. 2023ರ ಹಣಕಾಸು ಕಾಯ್ದೆ ಇನ್ನೊಂದು ಬಿಗಿ ತಂದಿತು: ಈ ಗಡುವು ದಾಟಿದ ಬಾಕಿಯನ್ನು, ನಿಜವಾಗಿ ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ಖರ್ಚೆಂದು ಕಳೆಯಬಹುದು.

ಇದಕ್ಕಾಗಿ ಪ್ರತಿ ವೆಂಡರಿನ ಉದ್ಯಮ್ ನೋಂದಣಿ ಪತ್ರ ಸಾಫ್ಟ್‌ವೇರಿನಲ್ಲಿರಬೇಕು, ವರ್ಷಕ್ಕೊಮ್ಮೆ ಹೊಸದಾಗಿ ತರಿಸಬೇಕು. 2025ರ ಏಪ್ರಿಲ್ 1ರಿಂದ ಮಿತಿಗಳು ಏರಿವೆ. ಕಿರು ಉದ್ಯಮಕ್ಕೆ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿಯವರೆಗೆ. ಸಣ್ಣ ಉದ್ಯಮಕ್ಕೆ 25 ಕೋಟಿ, 100 ಕೋಟಿಯವರೆಗೆ. ಹಿಂದೆ ಮಧ್ಯಮ ಎಂದಿದ್ದವರು ಈಗ ಸಣ್ಣವರ ಸಾಲಿಗೆ ಬಂದಿರಬಹುದು. ಉಕ್ಕಿನ ಸ್ಟಾಕಿಸ್ಟರಂಥ ಬರೀ ವ್ಯಾಪಾರಿಗಳಿಗೆ ಈ 45 ದಿನದ ರಕ್ಷಣೆ ಇಲ್ಲ, ಅದನ್ನೂ ಬೇರೆಯಾಗಿ ಗುರುತಿಸು. ನಿನ್ನ ಕಂಪನಿಯೂ ಇನ್ನೊಬ್ಬರಿಗೆ ವೆಂಡರೇ ಎಂಬುದನ್ನು ಮರೆಯಬೇಡ. ದೊಡ್ಡ ಕಂಪನಿಯಿಂದ ನಿಮ್ಮ ದುಡ್ಡು ತಡವಾದಾಗ ನಿಮ್ಮ ಮಾಲೀಕರ ಮುಖ ಹೇಗಾಗುತ್ತದೆ ನೋಡಿದ್ದೀಯ. ಪ್ಲೇಟಿಂಗ್ ಶೆಡ್ಡಿನವನ ಮುಖವೂ ಹಾಗೇ ಆಗುತ್ತದೆ. ಅವನ ಹುಡುಗರಿಗೆ ಶನಿವಾರ ಬಟವಾಡೆ. ಅಕೌಂಟ್ಸ್ ಕಿಟಕಿಯ ಹೊರಗೆ ನಿಂತು, "ಸೋಮವಾರ ಬನ್ನಿ" ಎಂದು ಕೇಳಿಸಿಕೊಂಡು, ಬರಿಗೈಯಲ್ಲಿ ಶಾಪಿಗೆ ಹಿಂತಿರುಗುವ ನಡಿಗೆ ನನಗೆ ಈಗಲೂ ನೆನಪಿದೆ. ಎನ್‌ಟಿಟಿಎಫ್ ಸರ್ಕಲ್ ದಾಟುವಷ್ಟರಲ್ಲಿ ಹುಡುಗರಿಗೆ ಏನು ಹೇಳಬೇಕೆಂದು ಜೋಡಿಸಿಕೊಳ್ಳಬೇಕಿತ್ತು.

ಜಿಎಸ್‌ಟಿ ವಿಷಯ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಎರಡನ್ನು ಮಾತ್ರ ನೆನಪಿಸುತ್ತೇನೆ. ಬಿಲ್ಲಿನ ದಿನದಿಂದ 180 ದಿನದೊಳಗೆ ವೆಂಡರಿಗೆ ಹಣ ಕೊಡದಿದ್ದರೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ ಹಿಂತಿರುಗಿಸಬೇಕು. ಜಾಬ್‌ವರ್ಕಿಗೆ ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸು ಬರಬೇಕು. ಎರಡಕ್ಕೂ ರಿಮೈಂಡರ್ ಇಟ್ಟುಬಿಡು.

ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನಿನ ಗುತ್ತಿಗೆಗಳ ಮೇಲೆ ಮಾತ್ರ ವಿಶೇಷ ಕಣ್ಣಿಡು. ಇಲ್ಲಿ ನಾವು ಕೊಳ್ಳುವುದು ಮನುಷ್ಯರ ದುಡಿಮೆ. ಗುತ್ತಿಗೆದಾರ ಸಂಬಳ ಕೊಡದೆ ಹೋದರೆ ಮೂಲ ಮಾಲೀಕರೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಇದೆ. ತಿಂಗಳ ಬಿಲ್ಲಿನ ಜೊತೆ ಪಿಎಫ್, ಇಎಸ್‌ಐ ಚಲನ್ ಇಲ್ಲದಿದ್ದರೆ ಬಿಲ್ಲು ಮುಂದಕ್ಕೆ ಹೋಗದಂತೆ ಸಾಫ್ಟ್‌ವೇರಿನಲ್ಲೇ ಕಟ್ಟು ಹಾಕಬಹುದು. ಹಾಕು. ಆದರೆ ಚಲನ್ನಿನಲ್ಲಿರುವ ಹೆಸರುಗಳು ಗೇಟಿನಲ್ಲಿ ನಿಂತವರ ಹೆಸರುಗಳೇ ಹೌದಾ ಎಂದು ತಿಂಗಳಿಗೊಮ್ಮೆ ನೀನೇ ಹೋಗಿ ನೋಡು. ನಮ್ಮಲ್ಲಿ ಒಮ್ಮೆ 18 ಹೆಸರಿಗೆ ಚಲನ್ ಬರುತ್ತಿತ್ತು, ಗೇಟಿನಲ್ಲಿ ರಾತ್ರಿ ಪಾಳಿಗೆ ನಿಲ್ಲುತ್ತಿದ್ದ ಅಜ್ಜನ ಹೆಸರು ಅದರಲ್ಲಿ ಇರಲಿಲ್ಲ. ಕಾಲು ಮುರಿದುಕೊಂಡು ಇಎಸ್‌ಐ ಆಸ್ಪತ್ರೆಗೆ ಹೋದಾಗಲೇ ಅವರಿಗೂ ನಮಗೂ ಗೊತ್ತಾಗಿದ್ದು.

ವಾಟ್ಸಾಪಿನಲ್ಲಿ ಒಪ್ಪಿಕೊಂಡ ರೇಟು, ಫೋನಿನಲ್ಲಿ ಹೇಳಿದ "ಈ ಸಲ ಹತ್ತು ದಿನ ಹೆಚ್ಚು ತಗೊಳ್ಳಿ", ಇವೂ ಕರಾರಿನ ಭಾಗವೇ. ಅವತ್ತೇ ಒಂದು ಸಾಲಿನ ಮೇಲ್ ಮಾಡಿ, ಅದನ್ನು ಆ ಕರಾರಿನ ಕೆಳಗೆ ಸೇರಿಸು. ನಾಳೆ ನೀನು ಬೇರೆ ಕಡೆ ಹೋದರೆ ನಿನ್ನ ಮಾತನ್ನು ಉಳಿಸುವುದು ಆ ಸಾಲೇ. ಒಬ್ಬ ವೆಂಡರಿನ ರೇಟನ್ನು ಇನ್ನೊಬ್ಬರಿಗೆ ತೋರಿಸಿ ಚೌಕಾಸಿ ಮಾಡುವ ಅಭ್ಯಾಸ ನಮ್ಮ ಕಸುಬಿನಲ್ಲಿ ಬಹಳ. ಎಲ್ಲರ ರೇಟೂ ಒಂದೇ ಪರದೆಯಲ್ಲಿ ಬರುವಾಗ ಆ ಆಸೆ ಹೆಚ್ಚಾಗುತ್ತದೆ. ಯಾರ್‍ಯಾರು ರೇಟು ನೋಡಬಹುದು ಎಂಬುದನ್ನು ಮೊದಲ ದಿನವೇ ಬಿಗಿ ಮಾಡು, ನೀನೂ ಆ ಕೆಲಸ ಮಾಡಬೇಡ.

ಸಾಫ್ಟ್‌ವೇರ್ ಕೊಟ್ಟವರೂ ವೆಂಡರೇ. ಅವರ ಕರಾರನ್ನೂ ಹಾಗೇ ಓದು: ಎಷ್ಟು ದಿನ ಮೊದಲು ಬೇಡ ಎನ್ನಬೇಕು, ಬಿಟ್ಟರೆ ನಮ್ಮ ದಾಖಲೆಗಳೆಲ್ಲ ಎಕ್ಸೆಲ್ಲಿನಲ್ಲಿ, ಪಿಡಿಎಫ್‌ಗಳ ಸಮೇತ ವಾಪಸು ಸಿಗುತ್ತವಾ, ಎಷ್ಟು ದಿನದೊಳಗೆ. ಸಹಿ ಹಾಕಿದ ಮೂಲ ಛಾಪಾ ಕಾಗದಗಳನ್ನು ಸ್ಕ್ಯಾನ್ ಆಯಿತೆಂದು ಎಸೆಯಲು ಯಾರಿಗೂ ಬಿಡಬೇಡ. ನ್ಯಾಯಾಲಯದ ಮುಂದೆ ಹೋಗಬೇಕಾದರೆ ಮೊದಲು ಕೇಳುವುದು ಅವನ್ನೇ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ದೊಡ್ಡ ಮೊತ್ತದವರಿಗೆ ತಮ್ಮದೇ ವಕೀಲರಿದ್ದಾರೆ, ತಮ್ಮದೇ ಸಾಫ್ಟ್‌ವೇರಿದೆ. ನೀನು ಮರೆತರೂ ಅವರು ನೆನಪಿಸುತ್ತಾರೆ. ನಿಮ್ಮ ಪಟ್ಟಿಯಲ್ಲಿ ಅತಿ ಸಣ್ಣ ಜಾಬ್‌ವರ್ಕಿನವರು ಯಾರು ನೋಡು. ನೀನು ಹೇಳಿದ ಆ ಝಿಂಕ್ ಪ್ಲೇಟಿಂಗ್ ಶೆಡ್ಡಿನವರೇ ಇರಬೇಕು. ಅವರದರಿಂದ ಶುರು ಮಾಡು. ಕರಾರು ಪೂರ್ತಿ ಓದಿ ತುಂಬಿದ ಮೇಲೆ ಅದರ ಸಾರವನ್ನು ಕನ್ನಡದಲ್ಲಿ ಒಂದು ಪುಟ ಮಾಡು. ಎಡಗಡೆ ಅವರು ನಮಗೆ ಮಾಡಬೇಕಾದ್ದು, ಬಲಗಡೆ ನಾವು ಅವರಿಗೆ ಮಾಡಬೇಕಾದ್ದು. ಅವರನ್ನು ಆಫೀಸಿಗೆ ಕರೆಸಬೇಡ, ನೀನೇ ಹೋಗು. ಪುಟ ಓದಿ ಹೇಳಿ, ಬಲಗಡೆ ಏನಾದರೂ ಬಿಟ್ಟುಹೋಗಿದೆಯಾ ಎಂದು ಕೇಳು, ಅವರು ಹೇಳಿದ್ದನ್ನು ಅಲ್ಲೇ ಬರೆದುಕೊ. ಬಾಕಿ ಬಿಲ್ಲುಗಳ ಪಟ್ಟಿಯೂ ಕೈಯಲ್ಲಿರಲಿ, ಅದನ್ನು ಕೇಳದೆ ಇರುವುದಿಲ್ಲ.

ಬೆಳಗ್ಗೆ ಹೋಗಬೇಡ. ಅವರು ಟ್ಯಾಂಕುಗಳನ್ನು ಸಿದ್ಧ ಮಾಡಿ ಮೊದಲ ಲಾಟು ಇಳಿಸುವ ಹೊತ್ತು ಅದು, ನಿಂತು ಮಾತಾಡಲು ಬಿಡುವಿರುವುದಿಲ್ಲ. ಮಧ್ಯಾಹ್ನ ಮೂರರ ಮೇಲೆ ಹೋಗು. ಆಸಿಡ್ಡಿನ ಹೊಗೆ ಇರುತ್ತದೆ, ಹಳೆಯ ಸೀರೆಯೋ ಚೂಡಿದಾರವೋ ಹಾಕಿಕೊಂಡು ಹೋಗು.

ನಿನ್ನ ದೊಡ್ಡಪ್ಪ